ಮಂಗಳನ ಇಳಿಜಾರಿನ ಕಪ್ಪು ಗೆರೆ

"ಮೇಡಂ, ಆ ಗೆರೆ ಅಳಿಸಿಲ್ಲ. ಬಿಸಿಲು ಬೇರೆ ಕಡೆಯಿಂದ ಬಿದ್ದಿದೆ, ಅಷ್ಟೇ."

ಹಿಂದಿನ ಸಾಲಿನಿಂದ ಬಂದ ಮಾತಿಗೆ ಭಾರತೀನಗರದ ಕಾಲೇಜಿನ ಸಭಾಂಗಣವೆಲ್ಲ ಹಿಂದಕ್ಕೆ ತಿರುಗಿತು. ವೇದಿಕೆಯ ಮೇಲೆ ಮೈಕು ಹಿಡಿದಿದ್ದ ಅರ್ಪಿತ ಪರದೆಯತ್ತ ತಿರುಗಿದಳು.

ಪರದೆಯ ಮೇಲೆ ಮಂಗಳ ಗ್ರಹದ ಒಂದೇ ಇಳಿಜಾರಿನ ಎರಡು ಚಿತ್ರಗಳಿದ್ದವು. ಮೊದಲನೆಯದರಲ್ಲಿ ಧೂಳು ಜಾರಿ, ಅಡಿಯ ಕಪ್ಪು ನೆಲ ಉದ್ದಕ್ಕೆ ಗೆರೆಯಾಗಿ ಕಾಣುತ್ತಿತ್ತು. ಎರಡು ವರ್ಷ ಬಿಟ್ಟು ತೆಗೆದ ಚಿತ್ರದಲ್ಲಿ ಗೆರೆಯೇ ಇಲ್ಲ! ಹೊಸ ಧೂಳು ಕೂತು ಇಷ್ಟು ಬೇಗ ಮುಚ್ಚಿಬಿಟ್ಟಿತು ಎಂಬುದೇ ಅವಳ ವಾದ. ಅವಳ ಪಿಎಚ್.ಡಿ. ನಿಂತಿದ್ದೇ ಅದರ ಮೇಲೆ.

"ನೀವ್ಯಾರು?" ಎಂದಳು.

"ಯತೀಶ್. ಮಳವಳ್ಳೀಲಿ ಫಿಸಿಕ್ಸ್ ಪಾಠ ಮಾಡ್ತೀನಿ."

'ವಕ್ಕರಿಸೋಕೆ ಇವನಿಗೆ ಇವತ್ತೇ ಬೇಕಿತ್ತಾ...'

ಅವಳ ಗೈಡ್ ಮಧುಕರ ಮೇಷ್ಟ್ರು ನಡುವೆ ಬಂದರು. "ಜಗಳ ಬೇಡ. ಬೇರೆ ಬೇರೆ ತಿಂಗಳಿನ ಚಿತ್ರ ತರಿಸ್ತೀನಿ. ಗೆರೆ ಇದೆಯೋ ಅಳಿಸಿದೆಯೋ ಅಂತ, ಒಬ್ಬರದನ್ನೊಬ್ಬರು ನೋಡದೆ ಇಬ್ಬರೂ ಗುರುತು ಹಾಕಿ. ಕೊನೇಲಿ ಹೋಲಿಸೋಣ."

ಹೀಗೆ ಶುರುವಾಯಿತು ನೋಡಿ, ಶನಿವಾರಗಳ ಕಾಟ. ಮಳವಳ್ಳಿ ಬಸ್ಸಿನಲ್ಲಿ ಅವನು ಬರುತ್ತಿದ್ದ, ತನ್ನೂರು ಹೊಳಲಿನಿಂದ ಇವಳು. ಲ್ಯಾಬಿನಲ್ಲಿ ಎದುರುಬದುರು ಮೇಜು. ಒಬ್ಬರ ಪರದೆ ಇನ್ನೊಬ್ಬರು ನೋಡಬಾರದು. ಮುಖ ನೋಡಬಾರದೆಂದು ಮಾತ್ರ ಮೇಷ್ಟ್ರು ಹೇಳಿರಲಿಲ್ಲ.

"ಉಪ್ಪಿಟ್ಟಿಗೆ ಉಪ್ಪು ಕಮ್ಮಿ," ಎಂದನೊಮ್ಮೆ, ಅವಳ ಡಬ್ಬಿಯಿಂದ ತಿನ್ನುತ್ತ.

"ತಿನ್ನೋದಾದ್ರೆ ತಿನ್ನಿ, ಇಲ್ಲ ಬುಡಿ."

ಡಬ್ಬಿ ಖಾಲಿ ಮಾಡಿಯೇ ಕೊಟ್ಟ. ಅಂದಿನಿಂದ ಶುಕ್ರವಾರ ಬಂತೆಂದರೆ ಅವಳಿಗೆ ಒಳಗೊಳಗೇ ಖುಷಿ. ಹೇಳುವ ಧೈರ್ಯ ಮಾತ್ರ ಇರಲಿಲ್ಲ.

ಹೋಲಿಸುವ ದಿನ ಬಂತು. ಯತೀಶ್ ಕುರ್ಚಿಯಲ್ಲಿ ಕೂರಲೇ ಇಲ್ಲ.

"ನನ್ನ ಗುರುತು ಲೆಕ್ಕಕ್ಕೆ ತಗೋಬೇಡಿ. ವರದಿಯಿಂದ ನನ್ನ ಹೆಸರೂ ತೆಗೆದುಬುಡಿ. ಇನ್ಮೇಲೆ ಬರಲ್ಲ."

"ಯಾಕೆ?"

ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟ.

ಅರ್ಪಿತ ಬಾಗಿಲವರೆಗೆ ಹೋಗಿ ನಿಂತಳು. 'ನನ್ನ ಕೆಲಸದ ಪಕ್ಕ ಹೆಸರು ಹಾಕ್ಕೊಳ್ಳೋಕೂ ನಾಚಿಕೆನಾ ಇವನಿಗೆ...'

ಎಷ್ಟು ತಪ್ಪು ಹುಡುಕಿದ್ದಾನೋ ನೋಡೇಬಿಡೋಣವೆಂದು ಸಿಟ್ಟಿನಲ್ಲಿ ಅವನ ಕಂಪ್ಯೂಟರು ತೆರೆದಳು. ಮೊದಲ ಚಿತ್ರಕ್ಕೆ 'ಗೆರೆ ಅಳಿಸಿದೆ' ಎಂದು ಗುರುತಿತ್ತು. ಮುಂದಿನದಕ್ಕೂ ಅದೇ. ಕೊನೆಯವರೆಗೂ ಅವನು ಅವಳನ್ನೇ ಗೆಲ್ಲಿಸಿದ್ದ!

ಚಪ್ಪಲಿ ಮೆಟ್ಟಿದಳೋ ಇಲ್ಲವೋ, ಬಸ್ ನಿಲ್ದಾಣಕ್ಕೆ ಓಡಿದಳು. ಕಬ್ಬಿನ ಲಾರಿಗಳ ಸಾಲು ದಾಟಿ ನೋಡಿದರೆ, ಮಳವಳ್ಳಿ ಬಸ್ಸಿನ ಬಾಗಿಲಲ್ಲಿ ಅವನಿದ್ದ.

"ಇಳೀರಿ ಕೆಳಕ್ಕೆ. ಸುಳ್ಳು ಯಾಕೆ ಗುರುತು ಹಾಕಿದ್ರಿ? ನನ್ನ ಮೇಲೆ ಕರುಣೆನಾ?"

ಅವನು ಇಳಿದ. ಮುಖ ಬಾಡಿತ್ತು.

"ಸುಳ್ಳು ಹಾಕಿಲ್ಲ ಕಣ್ರೀ. ನಂಗೆ ಹಂಗೇ ಕಾಣ್ತು... ಅದಕ್ಕೇ ಭಯ ಆಗಿದ್ದು. ನೀವು ಗೆಲ್ಲಲಿ ಅಂತ ಆಸೆ ಇಟ್ಕೊಂಡು ನೋಡೋನಿಗೆ ಗೆರೆ ಹೆಂಗೆ ಕಾಣ್ಬೇಕು? ನಿಮ್ಮನ್ನ ಇಷ್ಟಪಟ್ಟ ಮೇಲೆ ನನ್ನ ಕಣ್ಣು ಈ ಕೆಲಸಕ್ಕೆ ಬರಲ್ಲ."

ಅರ್ಪಿತ ಅವನ ಚೀಲದ ಪಟ್ಟಿ ಹಿಡಿದುಕೊಂಡಳು. ಇಷ್ಟು ದಿನ ತಾನು ಮುಚ್ಚಿಟ್ಟದ್ದನ್ನು ಇನ್ನು ಹೇಳದಿದ್ದರೆ ಇವನು ಹೋಗಿಯೇಬಿಡುತ್ತಾನೆ.

"ನನ್ನ ಗುರುತು ಏನು ಗೊತ್ತಾ? ಎಲ್ಲಾ ಚಿತ್ರದಲ್ಲೂ ಗೆರೆ ಇದೆ. ಬಿಸಿಲು ತಿರುಗಿದಾಗ ಮಾಸಿದಂಗೆ ಕಾಣುತ್ತೆ, ಅಷ್ಟೇ. ನೀವೇ ಸರಿ. ನಂಗೆ ಆಗ್ಲೇ ಗೊತ್ತಾಗಿತ್ತು."

"ಮತ್ತೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಶನಿವಾರ ಬರೋದು ನಿಂತೋಗ್ತಿತ್ತು..."

ಯತೀಶ್ ಹೆಗಲಿನ ಚೀಲ ಕೆಳಗಿಟ್ಟ.

"ಅತ್ತೀರಾ ಇಲ್ವಾ ಸಾ? ಟೇಮಾಯ್ತು," ಎಂದ ಕಂಡಕ್ಟರ್.

"ನೀವು ಹೋಗಿ," ಎಂದಳು ಅರ್ಪಿತ, ಕಂಡಕ್ಟರಿಗೆ. ಬಸ್ಸು ಹೊರಟಿತು.

"ನಿಮ್ಮ ಪಿಎಚ್.ಡಿ.?"

"ಮೊದಲಿಂದ ಬರೀತೀನಿ. ಇರೋ ಗೆರೇನ ಅಳಿಸಿದೆ ಅಂತ ಬರೆದು ಡಾಕ್ಟರ್ ಆಗೋದು ಬೇಡ." ಹೇಳುವಾಗ ಕಣ್ಣು ತುಂಬಿತು. ವರ್ಷಗಳ ದುಡಿಮೆ ಅದು; ನೋವಾಗದೆ ಇರುತ್ತಾ?

ಅವನು ಮೆಲ್ಲಗೆ ಅವಳ ಕೈ ಹಿಡಿದ.

"ಜತೆಗೆ ಕೂತು ಬರೀಲಾ?"

"ಅದಕ್ಕೆ ಮುಂಚೆ ಹೊಳಲಿಗೆ ಬಂದು ನಮ್ಮಪ್ಪನ ಹತ್ರ ಮಾತಾಡಿ."

"ಬತ್ತೀನಿ. ಆದ್ರೆ ನಿಮಗೆ ಇಷ್ಟ ಅಂತ ನೀವಿನ್ನೂ ಹೇಳೇ ಇಲ್ಲ."

"ಇಷ್ಟ ಇಲ್ದಿದ್ರೆ, ನಾನು ಸೋತೆ ಅಂತ ಹೇಳೋಕೆ ಹಿಂಗೆ ಓಡಿಬತ್ತಿದ್ನಾ?"