ಅವಳಿಗೆ ಗೊತ್ತಿದ್ದದ್ದು ನನಗೇಕೆ ಗೊತ್ತಿಲ್ಲ?

ಬಾಗಿಲು ತೆರೆದುಕೊಂಡಿತು. ನರ್ಸ್ ತಲೆಯೆತ್ತಿದಳು.

ಬಂದವನು ಅವನೇ... ಸೇತುವೆ ಕಟ್ಟುವ ಎಂಜಿನಿಯರ್. ಆದರೆ ಅವನ ಹಿಂದೆಯೇ ಇನ್ನೊಬ್ಬಳು! ಅವನ ಫೈಲು, ತನ್ನ ಫೈಲು ಎರಡನ್ನೂ ಎದೆಗವಚಿಕೊಂಡು ನಗುತ್ತಾ ನಿಂತಿದ್ದಳು.

"ಇವರು ನಮ್ಮ ಸರ್ವೆಯರ್," ಎಂದ ಅವನು. "ಈ ಸಲ ಹೊರದೇಶದ ಕಾಡಲ್ಲಿ ಸೇತುವೆ, ಒಟ್ಟಿಗೆ ಹೋಗ್ತಿದ್ದೀವಿ. ಆರು ತಿಂಗಳು."

ಆರು ತಿಂಗಳಾ!

ಹೊರದೇಶಕ್ಕೆ ಹೊರಟವರಿಗೆ ಅಲ್ಲಿ ಏನೇನು ಅಪಾಯವಿದೆ ಎಂದು ವಿಚಾರಿಸಿ, ಲಸಿಕೆ ಹಾಕಿ, 'ಹೋಗಬಹುದು' ಎಂದು ಬರೆದುಕೊಡುವುದು ಆ ಕ್ಲಿನಿಕ್ಕಿನಲ್ಲಿ ಅವಳ ಕೆಲಸ. ಮೂರು ವರ್ಷಗಳಲ್ಲಿ ನಾಲ್ಕು ಸಲ ಅವನ ತೋಳಿಗೆ ಸೂಜಿ ಚುಚ್ಚಿದ್ದಳು. ಊರಿಗೆಲ್ಲ ಅವಳು 'ಸಿಸ್ಟರ್'. ಅವನೊಬ್ಬನಿಗೆ ಮಾತ್ರ 'ಮೇಡಂ'. ಬಾಯಿತಪ್ಪಿಯೂ ಸಿಸ್ಟರ್ ಎಂದವನಲ್ಲ! ಅವಳ ಹುಚ್ಚು ಮನಸ್ಸಿಗೆ ಅಷ್ಟೇ ಸಾಕಾಗಿತ್ತು.

"ಕೂತ್ಕೊಳ್ಳಿ. ಅಲ್ಲಿ ಆಸ್ಪತ್ರೆ ಎಷ್ಟು ದೂರ?"

"ಜೀಪಲ್ಲಿ ಐದು ಗಂಟೆ ಸಿಸ್ಟರ್." ಉತ್ತರಿಸಿದ್ದು ಸರ್ವೆಯರ್.

"ಕುಡಿಯೋ ನೀರು?"

"ಕುದಿಸ್ಕೊಳ್ತೀವಿ."

"ಸೊಳ್ಳೆ ಪರದೆ?"

"ಎರಡಿದೆ."

"ಡೇರೆನೂ ಬೇರೆ ಬೇರೆನಾ?"

ಫಾರ್ಮಿನಲ್ಲಿ ಅಂಥ ಪ್ರಶ್ನೆಯೇ ಇರಲಿಲ್ಲ! ಅವನ ತುಟಿಯಂಚಿನಲ್ಲಿ ನಗು ಮಿಂಚಿತು. "ಬೇರೆ ಬೇರೆ, ಮೇಡಂ."

ಅವಳು ಮುಖ ತಗ್ಗಿಸಿದಳು. "ಆ ಕಡೆ ಹಳದಿ ಜ್ವರ ಇದೆ. ಈ ಲಸಿಕೆ ಹಾಕಿಸ್ಕೊಳ್ಳಲೇಬೇಕು. ಅಲರ್ಜಿ ಏನಾದ್ರೂ?"

"ಏನೂ ಇಲ್ಲ."

"ಇಲ್ವಾ?" ಸರ್ವೆಯರ್ ಹುಬ್ಬೇರಿಸಿದಳು. "ಮೊಟ್ಟೆ ತಿಂದು ಗಂಟಲು ಊದಿ, ಉಸಿರು ಸಿಗದೆ ಒದ್ದಾಡಿದ್ದು ಮರೆತೇಹೋಯ್ತಾ? ಇಡೀ ದಿನ ಆಸ್ಪತ್ರೇಲಿ ಪಕ್ಕದಲ್ಲಿ ಕೂತಿದ್ದವಳು ನಾನು!"

ಅವನ ಮುಖ ಬಿಳುಚಿಕೊಂಡಿತು.

ಆ ಲಸಿಕೆ ತಯಾರಾಗುವುದೇ ಮೊಟ್ಟೆಯಲ್ಲಿ. ನರ್ಸ್ ಕೈಲಿದ್ದ ಸಿರಿಂಜನ್ನು ಮೆಲ್ಲನೆ ತಟ್ಟೆಗಿಟ್ಟಳು. ಅವನಿಗೇನಾದರೂ ಆಗಿದ್ದರೆ? ಆದರೆ ಆ ಭಯದ ಬೆನ್ನಿಗೇ ಇನ್ನೊಂದು ಉರಿ... 'ನಾನು ನಾಲ್ಕು ಸಲ ಕೇಳಿದ್ದೆ. ನಾಲ್ಕು ಸಲವೂ ಇಲ್ಲ ಎಂದ. ಇವಳಿಗೆ ಗೊತ್ತಿದ್ದದ್ದು ನನಗೇಕೆ ಗೊತ್ತಿಲ್ಲ?'

"ಇವತ್ತು ಲಸಿಕೆ ಇಲ್ಲ. ಆಮೇಲೆ ತಿಳಿಸ್ತೀವಿ," ಎಂದು ಇಬ್ಬರನ್ನೂ ಕಳುಹಿಸಿದಳು.

'ಹೋಗುವಂತಿಲ್ಲ' ಎಂದು ಬರೆಯಬೇಕಿತ್ತು. ಪೆನ್ನು ಮುಂದಕ್ಕೆ ಹೋಗಲಿಲ್ಲ. ಬರೆಯುತ್ತಿರುವುದು ನರ್ಸೋ, ಹೊಟ್ಟೆಕಿಚ್ಚಿನ ಹೆಣ್ಣೋ?

ಕೊನೆಗೆ ಫೈಲನ್ನು ಹಿರಿಯ ಡಾಕ್ಟರಮ್ಮನ ಮೇಜಿನ ಮೇಲಿಟ್ಟಳು. "ಇದನ್ನ ನೀವೇ ನೋಡಿ ಮೇಡಂ. ನನ್ನ ಮನಸ್ಸು ನೆಟ್ಟಗಿಲ್ಲ."

ಡಾಕ್ಟರಮ್ಮ ಕನ್ನಡಕದ ಮೇಲಿಂದ ಅವಳನ್ನೊಮ್ಮೆ ದಿಟ್ಟಿಸಿ, ಫೈಲು ಓದಿ, ಅವನನ್ನು ಅಲರ್ಜಿ ತಜ್ಞರ ಹತ್ತಿರ ಕಳುಹಿಸಿದರು. ವರದಿ ಬಂತು. ಈ ಲಸಿಕೆ ಕೂಡದು. ಲಸಿಕೆಯಿಲ್ಲದೆ ಆ ಕಾಡಿಗೆ ಹೋಗುವುದೂ ಕೂಡದು.

"ನೀನು ಬರೀಬೇಕಿದ್ದದ್ದೇ ನಾನೂ ಬರ್ದೆ ಕಣಮ್ಮ," ಎಂದರು. "ನಿನಗೆ ಹೊಟ್ಟೆಕಿಚ್ಚಾದ್ರೆ ಅವನ ಅಲರ್ಜಿ ಸುಳ್ಳಾಗುತ್ತಾ?"

ಮರುದಿನ ಸರ್ವೆಯರ್ ತನ್ನ ಲಸಿಕೆ ಹಾಕಿಸಿಕೊಳ್ಳಲು ಒಬ್ಬಳೇ ಬಂದಳು. ಹೊರಡುವಾಗ ಬಾಗಿಲಲ್ಲಿ ನಿಂತಳು.

"ಸುಳ್ಳು ಹೇಳಲ್ಲ ಸಿಸ್ಟರ್, ಅವರ ಮನಸ್ಸು ಗೆಲ್ಲೋಕೆ ನಾನೂ ಪ್ರಯತ್ನಪಟ್ಟೆ. ಆಸ್ಪತ್ರೇಲಿ ಪ್ರಜ್ಞೆ ಬಂದ ತಕ್ಷಣ ಅವರು ಹೇಳಿದ್ದೇನು ಗೊತ್ತಾ? 'ಕ್ಲಿನಿಕ್ಕಿನ ಮೇಡಂಗೆ ಹೇಳ್ಬೇಡಿ, ಗಾಬರಿ ಆಗ್ತಾರೆ' ಅಂತ. ಆ ಮೇಡಂ ಯಾರು ಅಂತ ಮೊನ್ನೆ ಇಲ್ಲಿ ಬಂದ ಮೇಲೇ ಗೊತ್ತಾಗಿದ್ದು."

ಅವಳು ಹೋದ ಮೇಲೂ ನರ್ಸ್ ಆ ಬಾಗಿಲನ್ನೇ ನೋಡುತ್ತಾ ನಿಂತಿದ್ದಳು.

ಅವನು ಬಂದದ್ದು ಮೂರನೆಯ ದಿನ. ಕಣ್ಣು ಕೆಂಪಗಿತ್ತು.

"ಆ ಸೇತುವೆಗೋಸ್ಕರ ಎರಡು ವರ್ಷ ಕಾದಿದ್ದೆ ಮೇಡಂ! ನಿಮಗೆ ಖುಷಿ ಆಯ್ತಾ?"

ಅವಳು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ಆಯ್ತು... ಒಂದು ಗಳಿಗೆ. ನೀವು ಅವಳ ಜೊತೆ ಹೋಗಲ್ಲ ಅಂತ. ಅದಕ್ಕೇ ಹೆದರಿ ಫೈಲನ್ನ ಡಾಕ್ಟರಿಗೆ ಕೊಟ್ಟೆ. ನನ್ನ ಮೇಲೆ ನನಗೇ ನಂಬಿಕೆ ಇರಲಿಲ್ಲ."

ಅವನ ಸಿಟ್ಟು ಅಲ್ಲೇ ನಿಂತುಹೋಯಿತು. "ಅವಳ ಮೇಲೆ... ನಿಮಗೆ...?"

"ಹೌದು! ಹೊಟ್ಟೆಕಿಚ್ಚು! ನೀವು ಉಸಿರಿಗೆ ಒದ್ದಾಡಿದ ದಿನ ನಾನು ಇಲ್ಲಿ ಯಾರಿಗೋ ಇಂಜೆಕ್ಷನ್ ಕೊಡ್ತಾ ನಗ್ತಿದ್ದೆ. ನನಗೆ ಗೊತ್ತೇ ಇರಲಿಲ್ಲ!" ಅವಳ ಕಣ್ಣು ತುಂಬಿ ಬಂತು. "ಆ ಲಸಿಕೆ ನನ್ನ ಕೈಯಿಂದಲೇ ಹಾಕಿದ್ದಿದ್ರೆ...?"

ಅವನು ಕುರ್ಚಿಯಲ್ಲಿ ಕುಸಿದು ಕುಳಿತ.

"ತಪ್ಪಾಯ್ತು," ಎಂದ. "ನಿಮ್ಮ ಮುಂದೆ ಗಟ್ಟಿಗ ಅನ್ನಿಸ್ಕೊಳ್ಬೇಕು ಅಂತ ಇತ್ತು. ಮೊಟ್ಟೆಗೆ ಹೆದರೋ ಗಂಡಸು ಅಂತ ಹೇಗೆ ಹೇಳ್ಕೊಳ್ಳಲಿ?"

ಅವಳು ಅಳುತ್ತಲೇ ನಕ್ಕುಬಿಟ್ಟಳು.

"ಸೇತುವೆ ಹೋಯ್ತಲ್ಲ ಅಂತ ಹೊಟ್ಟೆ ಉರೀತಾನೇ ಇದೆ," ಎಂದ ಅವನು ಮೆಲ್ಲಗೆ. "ಆದ್ರೆ ನಿಮ್ಮನ್ನೂ ಕಳ್ಕೊಳ್ಳೋಕೆ ನನ್ನಿಂದ ಆಗಲ್ಲ. ನನ್ನ ಬಗ್ಗೆ ನಿಮಗೆ ಇನ್ನೇನು ಗೊತ್ತಾಗ್ಬೇಕು, ಕೇಳಿ."

"ಎಲ್ಲಾ."

"ತುಂಬಾ ಹೊತ್ತು ಹಿಡಿಯುತ್ತೆ ಮೇಡಂ."

ಅವಳು ಕುರ್ಚಿ ಎಳೆದುಕೊಂಡು ಅವನ ಪಕ್ಕದಲ್ಲೇ ಕುಳಿತಳು.

"ಹಿಡೀಲಿ. ಹೇಳು..."