ಕೆಂಪಯ್ಯ ಕಂಡ ಕಲ್ಲು

ಟಕ್!

ಹಳೇ ಸ್ಪೀಕರಿನ ಮ್ಯಾಗ್ನೆಟ್ಟು ಕಲ್ಲಿಗೆ ಅಂಟಿದ ಸದ್ದು ಕಳಸದ ಬಸ್‌ಸ್ಟ್ಯಾಂಡಿನವರೆಗೂ ಕೇಳಿಸಿತು.

"ನೋಡಿ ಟೀಚರ್, ಅಂಟ್ತು! ಆಕಾಶದಿಂದ ಬಿದ್ದದ್ದು ಇದು. ನಮ್ಮಜ್ಜ ಸಣ್ಣೋನಿದ್ದಾಗ ಎಸ್ಟೇಟಿನ ಕಾಫಿ ಕಣದಲ್ಲಿ ಬಿತ್ತಂತೆ," ಎಂದಳು ಕುಸುಮಾ. ಐದನೇ ಕ್ಲಾಸಿನ ಮಕ್ಕಳ ಕಣ್ಣುಗಳು ರೊಟ್ಟಿಯಷ್ಟಗಲವಾದವು.

ಸುದೀಪ ಮಾತ್ರ ಕಿಸಕ್ಕನೆ ನಕ್ಕ. ಅವನ ಅಪ್ಪನಿಗೆ ಕುದುರೆಮುಖದ ಗಣಿಯಲ್ಲಿ ಕೆಲಸ.

"ಏ ಮಾರಾಯ್ತಿ, ಇದು ಕಬ್ಬಿಣದ ಅದಿರು! ನಮ್ಮನೇಲಿ ಇಂಥದ್ದೇ ಒಂದನ್ನ ಬಾಗಿಲಿಗೆ ಅಡ್ಡ ಇಟ್ಟಿದ್ದೀವಿ. ಅದಕ್ಕೂ ಮ್ಯಾಗ್ನೆಟ್ ಅಂಟುತ್ತೆ. ನಿಮ್ಮಜ್ಜ ರೀಲ್ ಬಿಟ್ಟಿದ್ದಾನೆ!"

ಕ್ಲಾಸು ನಕ್ಕ ರಭಸಕ್ಕೆ ಮಾಡಿನ ಹೆಂಚುಗಳೆಲ್ಲ ಒಂದು ಗೇಣು ಮೇಲೆದ್ದು ಕೂತವು.

ಕುಸುಮಾ ಕಲ್ಲನ್ನು ತಿರುಗಿಸಿ ತಿರುಗಿಸಿ ನೋಡಿದಳು. ಅಜ್ಜ ಸುಳ್ಳು ಹೇಳುತ್ತಿದ್ದನೇ? ಇಷ್ಟು ವರ್ಷವೂ?

ಸರ್ವಮಂಗಳಾ ಟೀಚರ್ ನಗಲಿಲ್ಲ. "ಇನ್ನೂರು ವರ್ಷದ ಹಿಂದೆ ಯುರೋಪಿನ ಪಂಡಿತರೂ ಹೀಗೇ ನಕ್ಕಿದ್ರು. ಆಕಾಶದಲ್ಲಿ ಕಲ್ಲೆಲ್ಲಿಂದ ಬರ್ಬೇಕು, ರೈತರು ಬುರುಡೆ ಬಿಡ್ತಾರೆ ಅಂತ. ಸಿಡಿಲು ಬಡಿದ ಕಲ್ಲು ಅಂದ್ರು, ಜ್ವಾಲಾಮುಖಿ ಉಗುಳಿದ್ದು ಅಂದ್ರು. ಆಮೇಲೆ ಫ್ರಾನ್ಸಿನ ಒಂದು ಊರಲ್ಲಿ ಹಾಡಹಗಲೇ ಸಾವಿರಾರು ಕಲ್ಲು ಬಿದ್ವು. ಒಬ್ಬ ವಿಜ್ಞಾನಿ ಹಳ್ಳಿ ಹಳ್ಳಿ ತಿರುಗಿ, ಕಂಡವರನ್ನೆಲ್ಲ ಕೇಳ್ದ. ಒಬ್ಬರ ಮಾತಿಗೆ ಇನ್ನೊಬ್ಬರ ಮಾತು ತಾಳೆಯಾಯ್ತು. ಆಗ ಪಂಡಿತರೂ ನಂಬಿದ್ರು."

"ಅವನು ಏನಂತ ಕೇಳ್ದ, ಟೀಚರ್?" ಎಂದಳು ಕುಸುಮಾ.

"ಏನು ನೋಡಿದ್ರಿ ಅಂತ."

ಸಂಜೆ ಕುಸುಮಾ ಓಡಿದ ಓಟಕ್ಕೆ ಎಸ್ಟೇಟಿನ ಜೀಪೇ ಹಿಂದೆ ಬಿತ್ತು. ಅಜ್ಜನ ಜೊತೆ ಕಣದಲ್ಲಿ ದುಡಿದವರಲ್ಲಿ ಈಗ ಉಳಿದಿದ್ದವಳು ಮರಿಯಮ್ಮಜ್ಜಿ ಒಬ್ಬಳೇ. ಎಸ್ಟೇಟಿನ ಕೂಲಿಯವರ ಲೈನ್ ಮನೆಯ ಮುಂದೆ ಮೆಣಸು ಕೇರುತ್ತಾ ಕೂತಿದ್ದಳು.

"ಅಜ್ಜಿ, ನೀವು ಸಣ್ಣೋರಿದ್ದಾಗ ಕಾಫಿ ಕಣದಲ್ಲಿ ಏನೋ ಆಯ್ತಂತಲ್ಲ, ಏನು ನೋಡಿದ್ರಿ?"

ಮೊರ ನಿಂತಿತು.

"ಆ ಕಲ್ಲಾ? ಮೋಡ ಇಲ್ಲ, ಮಳೆ ಇಲ್ಲ, ಗುಡುಗಿದ ಹಾಗೆ ಸದ್ದು. ಆಮೇಲೆ ಧೊಪ್ಪಂತ ಬಿತ್ತು. ಒಣಗೋಕೆ ಹಾಕಿದ್ದ ಕಾಫಿ ಎಲ್ಲ ಚೆಲ್ಲಾಪಿಲ್ಲಿ. ಮೊದ್ಲು ಹೋಗಿ ಮುಟ್ಟಿದ್ದು ನಿಮ್ಮಜ್ಜನೇ."

ಕುಸುಮಾ ಬಿಟ್ಟ ನಿಟ್ಟುಸಿರಿಗೆ ಆಚೆ ಗುಡ್ಡದ ಸಿಲ್ವರ್ ಓಕ್ ಮರಗಳು ತೂಗಿದವು.

"ಆದ್ರೆ ಸಂಜೆ ಎಸ್ಟೇಟಿನ ದೊರೆ ಬಂದು ಅದನ್ನ ಕಾರಲ್ಲಿ ಹಾಕ್ಕೊಂಡು ಹೋದ್ರು. ಬೇಡ ಅನ್ನೋಕೆ ನಮಗೆಲ್ಲಿ ಬಾಯಿತ್ತು? ಮೂರು ದಿನ ಅತ್ತ ನಿಮ್ಮಜ್ಜ. ತೋರ್ಸೋಕೆ ಏನೂ ಇಲ್ಲ, ಹೇಳಿದ್ರೆ ಯಾರೂ ನಂಬಲ್ಲ. ಆಮೇಲೆ ಗುಡ್ಡ ಹತ್ತಿ, ಅದೇ ಬಣ್ಣದ್ದೊಂದು ಕಲ್ಲು ಹುಡ್ಕಿ ತಂದ."

ಇದಕ್ಕೆ ಉಪ್ಪುಖಾರ ಸೇರಿಸಿ ಹೇಳುವುದು ಏನೂ ಇಲ್ಲ. ಕುಸುಮಾ ನಿಧಾನವಾಗಿ ಮನೆಗೆ ನಡೆದಳು.

ಕೆಂಪಯ್ಯಜ್ಜ ಜಗಲಿಯಲ್ಲೇ ಕಾಯುತ್ತಿದ್ದ. "ತೋರಿಸ್ದೆಯಾ ಮಗಾ? ಏನಂದ್ರು?" ಎನ್ನುತ್ತಾ ಅವಳ ಚೀಲದಿಂದ ಕಲ್ಲು ತೆಗೆದು, ಅಂಗೈಯಿಂದ ಒರೆಸತೊಡಗಿದ.

ಕುಸುಮಾ ಪಕ್ಕದಲ್ಲಿ ಕೂತು ನೋಟ್‌ಬುಕ್ ಬಿಚ್ಚಿದಳು.

"ಕಲ್ಲು ಬೇಡ ಅಜ್ಜ. ಆವತ್ತು ನೀನು ಏನು ನೋಡ್ದೆ ಹೇಳು. ಬರ್ಕೊಳ್ತೀನಿ."

ಒರೆಸುತ್ತಿದ್ದ ಕೈ ನಿಂತಿತು. ಅಜ್ಜ ಕಲ್ಲನ್ನು ಜಗಲಿಯ ಕೆಳಗೆ, ಅಂಗಳದ ಬೇರೆ ಕಲ್ಲುಗಳ ಜೊತೆ ಇಟ್ಟ.

"ಮೊದ್ಲು ಸದ್ದು ಬಂತು ಮಗಾ..."

ಕುಸುಮಾ ಬರೆದುಕೊಂಡಳು.