ಚಂದಲೆಯ ಮೂರು ಕೀಲಿನ ಕೈ

ಬಹಳ ಹಿಂದೆ, ಮಣಿಹೊಳೆ ಎಂಬ ರಾಜ್ಯಕ್ಕೆ ಧೂಮಕಂಠನೆಂಬ ಮಾಯಾವಿ ಬಂದು ಅರಸನನ್ನು ಸಿಂಹಾಸನದಲ್ಲಿ ಕೂತಲ್ಲೇ ಕಲ್ಲು ಮಾಡಿದ. ಆಮೇಲೆ ಕಿರೀಟ ತಾನಿಟ್ಟುಕೊಂಡು ಡಂಗುರ ಹೊಡೆಸಿದ.

"ಅರಸನ ತದ್ರೂಪವನ್ನು ಕಡೆದು ತಂದು ಸಭೆಯಲ್ಲಿ 'ಸರಿಯಿದೆ' ಎನ್ನಿ. ಸರಿಯಿದ್ದರೆ ಅವನಿಗೆ ಬಿಡುಗಡೆ. ಆದರೆ ಈ ಸಭೆಯಲ್ಲಿ ಕೂದಲೆಳೆಯಷ್ಟು ತಪ್ಪು ಅಳತೆ ಹೇಳಿದವರು, ಯಾರೇ ಆಗಲಿ, ಕಲ್ಲಾಗುತ್ತಾರೆ."

ಮೊದಲ ಶಿಲ್ಪಿ ಹೋದ, ಕಲ್ಲಾದ. ಎರಡನೆಯವನು ಹೋದ, ಕಲ್ಲಾದ. ಮೂರನೆಯವನು ದೇಮೋಜ. ಅವನ ಕಣ್ಣಳತೆಗೆ ನಾಡೇ ತಲೆದೂಗುತ್ತಿತ್ತು. ಜನ್ಮದಲ್ಲಿ ಅಳತೆಗೋಲು ಮುಟ್ಟಿದವನಲ್ಲ. ಅವನೂ "ಸರಿಯಿದೆ" ಎಂದ, ಉಳಿ ಹಿಡಿದ ಕೈ ಹಾಗೇ ಕಲ್ಲಾಯಿತು.

ದೇಮೋಜನಿಗೆ ಚಂದಲೆ ಎಂಬ ಮಗಳಿದ್ದಳು. ಅಪ್ಪ ಕಲ್ಲಾದ ದಿನ ಅವಳು ಅತ್ತಳು, ಹೊಟ್ಟೆತುಂಬ ಅತ್ತಳು. ಮರುದಿನ ಎದ್ದು ತಾಯಿ ಬಾಚವ್ವೆಗೆ ಹೇಳಿದಳು: "ಅವ್ವಾ, ಕಣ್ಣನ್ನು ನಂಬಿ ಮೂವರು ಹೋದರು. ನಾನು ಅಳೆಯುವ ಕೈಯೊಂದನ್ನು ಮಾಡುತ್ತೇನೆ."

ಭುಜಕ್ಕೊಂದು ಕೀಲು, ಮೊಣಕೈಗೊಂದು, ಮಣಿಕಟ್ಟಿಗೊಂದು. ತುದಿಯಲ್ಲಿ ಸೂಜಿಯ ಮೊನೆ. ಪ್ರತಿ ಕೀಲಿಗೂ ಗೆರೆ ಕೊರೆದ ಹಿತ್ತಾಳೆ ಬಿಲ್ಲೆ, ಅದರ ಮೇಲೊಂದು ಮುಳ್ಳು. ಮೊನೆ ಎಲ್ಲಿ ಮುಟ್ಟಿದರೂ ಮೂರು ಮುಳ್ಳುಗಳು ಮೂರು ಗೆರೆ ತೋರಿಸಬೇಕು. ಆ ಮೂರರಿಂದ ಮುಟ್ಟಿದ ಜಾಗ ಯಾವುದೆಂದು ಲೆಕ್ಕ ಸಿಗಬೇಕು. ಲೆಕ್ಕ ಬಾಚವ್ವೆಯದು. ಊರಿನ ಜೋಯಿಸರೇ ಪಂಚಾಂಗದ ಗಂಟು ಬಿಡಿಸಿಕೊಳ್ಳಲು ಅವಳ ಬಳಿ ಬರುತ್ತಿದ್ದರು.

ಕೈಯನ್ನು ಪರೀಕ್ಷಿಸಲು ಚಂದಲೆ ಒಂದು ಚಪ್ಪಡಿಯಲ್ಲಿ ಎಳ್ಳುಕಾಳಿನಷ್ಟು ಗುಣಿ ಕೊರೆದಳು. ಮೊನೆಯನ್ನು ಗುಣಿಯಲ್ಲಿಟ್ಟು ಮೊಣಕೈಯನ್ನು ಎಡಕ್ಕೆ, ಬಲಕ್ಕೆ, ಮೇಲಕ್ಕೆ ಹೊರಳಿಸಿದಳು. ಮೊನೆ ಕದಲಿಲ್ಲವೆಂದ ಮೇಲೆ ಉತ್ತರವೂ ಕದಲಬಾರದು.

ಮೊದಲ ಕೈ ಹಲಸಿನದು. ಮರ ಹಸಿಯಿತ್ತು, ಒಣಗಿ ಸೊಟ್ಟಗಾಯಿತು. ಉತ್ತರಗಳು ಅಂಗೈಯಗಲ ಹರಡಿದವು. ಅದು ಒಲೆಗೆ ಹೋಯಿತು. ಎರಡನೆಯದು ತೇಗದ್ದು. ಮರ ಗಟ್ಟಿ, ಕೀಲು ಸಡಿಲ. ಉತ್ತರಗಳು ಜವೆಗೋಧಿಯಷ್ಟು ಹರಡಿದವು. ಅದೂ ಒಲೆಗೆ ಹೋಯಿತು.

ಮೂರನೆಯದು ಬೀಟೆಯದು, ಹಿತ್ತಾಳೆ ಅಚ್ಚಿನದು. ಕೀಲು ಒಂದಿಷ್ಟೂ ಅಲುಗಲಿಲ್ಲ. ಆದರೂ ಮೊಣಕೈ ಎತ್ತ ಬಾಗಿದರೂ ಉತ್ತರ ಅದರ ಎದುರು ದಿಕ್ಕಿಗೇ ಒಂದು ಎಳ್ಳಿನಷ್ಟು ವಾಲುತ್ತಿತ್ತು.

"ಇದೂ ಒಲೆಗೇ ಏನೇ?" ಎಂದಳು ಬಾಚವ್ವೆ.

"ಬೇಡವ್ವಾ. ಇದು ಒಂದೇ ರೀತಿ ತಪ್ಪುತ್ತಿದೆ. ಮುಂಗೈಯ ಕೋಲು ನಾನು ಅಂದುಕೊಂಡದ್ದಕ್ಕಿಂತ ಒಂದು ಎಳ್ಳು ಗಿಡ್ಡ, ಅಷ್ಟೇ. ನೀನು ಗಿಡ್ಡ ಅಂತಲೇ ಲೆಕ್ಕ ಹಿಡಿ."

ಬಾಚವ್ವೆ ಹಾಗೇ ಹಿಡಿದಳು. ಉತ್ತರಗಳೆಲ್ಲ ಒಂದೇ ಚುಕ್ಕೆಗೆ ಬಂದು ಕೂತವು.

ಚಂದಲೆ ಅರಮನೆಗೆ ಹೋಗಿ ಕಲ್ಲಿನ ಅರಸನನ್ನು ಮೂರು ಸಾವಿರ ಕಡೆ ಮುಟ್ಟಿದಳು. ತಾಯಿ ಓಲೆಗರಿಯಲ್ಲಿ ಬರೆದುಕೊಂಡಳು. ಹೊರಡುವ ಮುನ್ನ ಚಂದಲೆ ಅಪ್ಪ ಕಡೆದು ತಂದಿದ್ದ ಮೂರ್ತಿಯನ್ನೂ ಅಳೆದು ನೋಡಿದಳು. ಮನೆಗೆ ಬಂದು ಹೊಸ ಬಂಡೆಗೆ ಅದೇ ಕೈ ಹೂಡಿ, ಉತ್ತರ ಓಲೆಗೆ ಸರಿಹೊಂದುವವರೆಗೆ ಕಡೆದಳು. ಮೂರು ತಿಂಗಳು ಹಿಡಿಯಿತು.

ಸಭೆಯ ದಿನ ಅವಳು ಅವಸರಪಡಲಿಲ್ಲ. ಬಾಯಿ ತೆರೆಯುವ ಮೊದಲು ಮೂರ್ತಿಯನ್ನೂ ಅರಸನನ್ನೂ ಮತ್ತೆ ಅಳೆದಳು. ಮೂರ್ತಿ ಓಲೆಯಂತೆಯೇ ಇತ್ತು. ಅರಸನ ಮೂಗು ಮಾತ್ರ ಓಲೆಗಿಂತ ಎರಡು ಕೂದಲೆಳೆ ಕಡಿಮೆ ಬಂತು. ಜನ ಗುಸುಗುಸು ಎಂದರು.

"ಮರದ ಕೈ ಕೊನೆಗೂ ಕೈಕೊಟ್ಟಿತಲ್ಲ," ಎಂದು ಧೂಮಕಂಠ ನಕ್ಕ. "ಮೂರ್ತಿಯ ಮೂಗು ತೀಡಿಕೋ ಹುಡುಗಿ. ಇಲ್ಲವೇ ಸೋತೆ ಅನ್ನು."

ಚಂದಲೆ ಚಪ್ಪಡಿ ತರಿಸಿದಳು. ಮೊನೆಯನ್ನು ಗುಣಿಯಲ್ಲಿಟ್ಟು ಕೈಯನ್ನು ಎಡಕ್ಕೆ, ಬಲಕ್ಕೆ, ಮೇಲಕ್ಕೆ ಹೊರಳಿಸಿದಳು. ಬಾಚವ್ವೆ ಲೆಕ್ಕ ಹಾಕಿ ತಲೆಯಾಡಿಸಿದಳು: ಒಂದೇ ಚುಕ್ಕೆ.

"ನನ್ನ ಕೈ ಸರಿಯಿದೆ. ಮೂರ್ತಿ ಮೂರು ತಿಂಗಳ ಹಿಂದಿನ ಅರಸರಂತೆಯೇ ಇದೆ," ಎಂದಳು ಚಂದಲೆ. "ಅರಸರ ಮೂಗನ್ನು ಆಮೇಲೆ ಯಾರೋ ಎರಡು ಕೂದಲೆಳೆ ಉಜ್ಜಿದ್ದಾರೆ."

ಬಾಚವ್ವೆ ಕಣ್ಣು ಮುಚ್ಚಿಕೊಂಡಳು. ಚಂದಲೆ ಕಲ್ಲಾಗಲಿಲ್ಲ. ಸೆರಗಿನಿಂದ ಕತ್ತಿನ ಬೆವರು ಒರೆಸಿಕೊಂಡಳು.

ಅಂದಮೇಲೆ ಅವಳು ಹೇಳಿದ್ದು ನಿಜ. ಅವಳು ಅಳೆದು ಹೋದ ಮೇಲೆ ಸಿಂಹಾಸನದ ಹತ್ತಿರ ಸುಳಿಯುವ ಅಧಿಕಾರ ಇದ್ದದ್ದಾದರೂ ಯಾರಿಗೆ? ತಲೆಗಳೆಲ್ಲ ಧೂಮಕಂಠನ ಕಡೆ ತಿರುಗಿದವು. ಆಗ ಬಾಯಿ ಮುಚ್ಚಿಕೊಂಡಿದ್ದರೆ ಅವನು ಬದುಕುತ್ತಿದ್ದ. ಸುಳ್ಳೇ ರೂಢಿಯಾದವನಿಗೆ ಅದೊಂದು ಆಗುವುದಿಲ್ಲ.

"ಸುಳ್ಳು. ಆ ಮೂಗು ಒಂದು ಕೂದಲೆಳೆಯೂ ಸವೆದಿಲ್ಲ," ಎಂದುಬಿಟ್ಟ.

ಮಾಯೆಗೆ ಮುಖ ನೋಡಿ ಮಣೆ ಹಾಕುವ ಗುಣವಿಲ್ಲ. ಅಂಗಾಲಿನಿಂದ ನೆತ್ತಿಯವರೆಗೆ ಧೂಮಕಂಠ ಕಲ್ಲಾದ. ಅವನು ಕಲ್ಲಾದೊಡನೆ ಅವನ ಮಾಯೆಯೆಲ್ಲ ಹರಿಯಿತು. ಅರಸ ಆಕಳಿಸಿ ಎದ್ದ. ಶಿಲ್ಪಿಗಳು ಕೈಕಾಲು ಕೊಡವಿದರು.

ದೇಮೋಜ ಉಳಿ ಕೆಳಗಿಟ್ಟು ಮೊದಲು ಕೇಳಿದ್ದು ಒಂದೇ ಮಾತು: "ಮಗಳೇ, ನನ್ನದು ಎಷ್ಟು ತಪ್ಪಿತ್ತು?"

"ಒಂದೂವರೆ ಕೂದಲೆಳೆ, ಅಪ್ಪಾ. ಎಡಗಿವಿಯಲ್ಲಿ."

ದೇಮೋಜ ಬೀಟೆಯ ಕೈಯನ್ನು ಕೀಲು ಕೀಲಾಗಿ ಸವರಿ ನೋಡಿ, "ಇದನ್ನು ಹಿಡಿಯುವುದು ಹೇಗೆಂದು ನನಗೂ ಹೇಳಿಕೊಡು," ಎಂದ. ತಡೆದುಕೊಂಡಿದ್ದ ಚಂದಲೆ ಆಗ ಅತ್ತಳು.

ಅರಸ ಎರಡು ಕೂದಲೆಳೆ ಗಿಡ್ಡ ಮೂಗಿನಲ್ಲೇ ಬಹುಕಾಲ ಸುಖವಾಗಿ ಆಳಿದ, ಪ್ರಜೆಗಳೂ ಉಂಡುಟ್ಟು ಸುಖವಾಗಿದ್ದರು. ದೇಮೋಜನ ಮನೆಯಲ್ಲಿ ಅಂದಿನಿಂದ ಮಗಳು ಅಳೆದಳು, ತಾಯಿ ಲೆಕ್ಕ ಹಾಕಿದಳು, ಅಪ್ಪ ಅವರು ಹೇಳಿದಷ್ಟೇ ಕಡೆದ.